ಎಷ್ಟೇ ಹಳೆಯ ಕಲೆಯಾದರೂ ಸರಿ

ನಾನು ಕಲೆಯ ಇತಿಹಾಸ ಓದಲು ಹೊರಟದ್ದು ಒಂದು ‘ಹ್ಮ್’ನ ದೆಸೆಯಿಂದ. ನನ್ನ ಹೆಸರು ಕೆಂಪರಾಜ್, ವಯಸ್ಸು ಐವತ್ಮೂರು, ದೊಡ್ಡಬಳ್ಳಾಪುರದ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಇಲಾಖೆಯ ಹೆಸರು ಹೇಳಿದರೆ ಮೇಲಿನವರಿಗೆ ಮುಜುಗರ, ಆದ್ದರಿಂದ ಹೇಳುವುದಿಲ್ಲ. ಕಳೆದ ವರ್ಷ ಒಂದು ಫೈಲು ಮುಟ್ಟಿಸಲು ಬೆಂಗಳೂರಿಗೆ ಹೋದಾಗ ವಾಪಸ್ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಬಿಸಿಲು ತಡೆಯಲಾರದೆ, ಫ್ಯಾನ್ ತಿರುಗುತ್ತಿದ್ದ ಒಂದು ಕಟ್ಟಡದೊಳಕ್ಕೆ ನುಗ್ಗಿದೆ. ಅಲ್ಲಿ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಒಂದು ಚಿತ್ರದ ಮುಂದೆ ಗಡ್ಡದವರೊಬ್ಬರು ಕೈಕಟ್ಟಿ ನಿಂತಿದ್ದರು. ನಾನು ಒಂದು ಸುತ್ತು ಹಾಕಿ, ನೀರು ಕುಡಿದು, ಇನ್ನೊಂದು ಸುತ್ತು ಹಾಕಿ ಬಂದರೂ ಅವರು ಅಲ್ಲೇ ಇದ್ದರು. ಆ ಚಿತ್ರದಲ್ಲಿ ನನಗೆ ಕಂಡದ್ದು ಗಾರೆ ಕಿತ್ತುಹೋದ ಒಂದು ಗೋಡೆ. ಕೊನೆಗೆ ಅವರು ತಲೆಯನ್ನು ಒಂದಿಷ್ಟು ವಾಲಿಸಿ, “ಹ್ಮ್” ಎಂದರು.

ಅಂಥ ಹ್ಮ್ ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮ ಸೂಪರಿಂಟೆಂಡೆಂಟ್ ವೆಂಕಟರಾಮಪ್ಪನವರು ರಜೆ ಅರ್ಜಿ ನೋಡಿ ಹ್ಮ್ ಎನ್ನುತ್ತಾರೆ. ನನ್ನ ಹೆಂಡತಿ ಅನುಸೂಯ ನಾನು ತಂದ ತರಕಾರಿ ನೋಡಿ ಹ್ಮ್ ಎನ್ನುತ್ತಾಳೆ. ಈ ಹ್ಮ್‌ನಲ್ಲಿ ಅಂಥ ದೂರು ಏನೂ ಇರಲಿಲ್ಲ. ಏನು ಸಾರ್ ಇದರಲ್ಲಿ ಎಂದು ಕೇಳಿಯೇಬಿಟ್ಟೆ. ಇದಕ್ಕೆ ಬೆಲೆ ಕಟ್ಟೋಕಾಗಲ್ಲ ಎಂದರು. ಕೆಳಗೆ ಚೀಟಿಯಲ್ಲಿ ನಾಲ್ಕು ಲಕ್ಷ ಅಂತ ಕಟ್ಟಿದ್ದಾರಲ್ಲ ಸಾರ್ ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ರೈಲು ಯಲಹಂಕ ದಾಟುವಷ್ಟರಲ್ಲಿ ನಿರ್ಧರಿಸಿಬಿಟ್ಟಿದ್ದೆ, ಸಾಯುವ ಮುಂಚೆ ಒಂದು ಸಲವಾದರೂ ಅಂಥ ಹ್ಮ್ ಅನ್ನಬೇಕು ಅಂತ.

ಅಂಚೆಯ ಮೂಲಕ ಕಲಾ ಇತಿಹಾಸ ಕಲಿಸುವ ಒಂದು ಸಂಸ್ಥೆ ಸಿಕ್ಕಿತು. ತಿಂಗಳಿಗೊಂದು ಪುಸ್ತಿಕೆಯಂತೆ ಹನ್ನೆರಡು ಪಾಠ, ಪಾಠಕ್ಕೊಂದು ಪ್ರಬಂಧ ಬರೆದು ಮೇಷ್ಟರಿಗೆ ಕಳಿಸಬೇಕು. ಮೊದಲ ಪಾಠ ‘ಕಲೆ ಎಂದರೇನು’, ಎರಡನೆಯದು ‘ರೂಪ ಮತ್ತು ಮಾಧ್ಯಮ’, ಮೂರನೆಯದು ‘ಕಲೆಯ ಮೌಲ್ಯ’. ನಾಲ್ಕನೆಯದು ಇನ್ನೂ ಅಚ್ಚಾಗುತ್ತಿದೆ, ತಾಳ್ಮೆಯಿಂದಿರಿ ಎಂದು ಸಂಸ್ಥೆಯವರು ಬರೆದಿದ್ದರು. ಹೀಗಾಗಿ ನನ್ನ ಜ್ಞಾನ ಮೂರನೇ ಪಾಠದ ಗಡಿಯಲ್ಲಿ ನಿಂತಿತ್ತು. ಯಾರಾದರೂ ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ ಅದು ನಾಲ್ಕನೇ ಪಾಠದಲ್ಲಿ ಬರುತ್ತೆ ಎನ್ನುತ್ತಿದ್ದೆ. ಪಕ್ಕದ ಮನೆಯ ಮುನಿರಾಮಯ್ಯನವರು ಆರು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವರು. ಇದನ್ನ ಓದಿದರೆ ಪ್ರಮೋಷನ್ ಸಿಗುತ್ತಾ ಎಂದು ಕೇಳಿದರು. ಅವರಿಗೂ ಅದೇ ಉತ್ತರ ಕೊಟ್ಟೆ. ಕ್ಷೌರದಂಗಡಿಯಲ್ಲಿ ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡಿ ಸಂಯೋಜನೆ ಸಡಿಲವಾಗಿದೆ ಎಂದೆ. ಅಂಗಡಿಯ ಆಂಜಿನಪ್ಪ ನನ್ನ ಕತ್ತಿನ ಮೇಲಿಟ್ಟ ಕತ್ತಿಯನ್ನು ಅಲ್ಲೇ ನಿಲ್ಲಿಸಿ, ಸಡಿಲ ಅಂದರೆ ಏನು ಸಾರ್ ಎಂದು ವಿಚಾರಿಸಿದ. ಮಳೆಯ ವಿಷಯಕ್ಕೆ ಮಾತು ತಿರುಗಿಸಿದೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಮೂರು ಪಾಠ. ನಾನು ಬೋರ್ಡ್ ಹಾಕಿಸಿದೆ.

ಭಾರತೀಯ ಚಿತ್ರಕಲೆ ಮತ್ತು ಶಿಲ್ಪಕಲೆಗಳ ಇತಿಹಾಸ ಹಾಗೂ ಮೌಲ್ಯದ ಕುರಿತು ಆಸಕ್ತರಿಗೆ ಉಚಿತ ಮಾರ್ಗದರ್ಶನ ಎಂದು ಬರೆದುಕೊಂಡು ಹೋಗಿ ಫ್ಲೆಕ್ಸ್ ಅಂಗಡಿಯ ಗುರುವಿಗೆ ಕೊಟ್ಟೆ. ಅವನು ಎರಡು ಸಲ ಓದಿ, ಎರಡಡಿ ಬೋರ್ಡಿಗೆ ಇಷ್ಟೆಲ್ಲ ತುಂಬಿದರೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತೆ, ನಿಂತು ಓದೋರು ಯಾರೂ ಇಲ್ಲ, ನನಗೆ ಬಿಡಿ ಎಂದ. ಬಿಟ್ಟೆ. ಶನಿವಾರ ಸಂಜೆ ಬೋರ್ಡ್ ತಂದು ಗೇಟಿಗೆ ಕಟ್ಟಿದ. ‘ಎಷ್ಟೇ ಹಳೆಯ ಕಲೆಯಾದರೂ ಸರಿ. ಉಚಿತ ಸಲಹೆ. ಭಾನುವಾರ 10ರಿಂದ 12.’ ಇಷ್ಟು ಚುಟುಕಾಗಿ ಇಷ್ಟು ಅರ್ಥ ಹೇಳಬಹುದೆಂದು ನನಗೇ ತಿಳಿದಿರಲಿಲ್ಲ. ಮೂಲೆಯಲ್ಲಿ ಜಾಗ ಉಳಿದಿತ್ತೆಂದು, ಹಿಂದಿನ ವಾರ ಒಂದು ಡ್ರೈಕ್ಲೀನಿಂಗ್ ಅಂಗಡಿಗೆ ಮಾಡಿದ್ದ ಬೋರ್ಡಿನಿಂದ ಥಳಥಳ ಹೊಳೆಯುವ ಒಂದು ನಕ್ಷತ್ರವನ್ನೂ ಹಾಕಿದ್ದ. ಅದು ಕಲೆಯ ಹೊಳಪು ಎಂದುಕೊಂಡೆ.

ಮನೆಯಲ್ಲಿ ಅನುಸೂಯ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವಳ ತಾಯಿ ಗಂಗಲಕ್ಷ್ಮಮ್ಮನವರಿಗೆ ಕಾಲು ಉಳುಕಿತ್ತೆಂದು ಅವಳು ವಾರದ ಮಟ್ಟಿಗೆ ಅರಿಶಿನಕುಂಟೆಗೆ ಹೋಗಿದ್ದಳು.

ಭಾನುವಾರ ಹತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ಮಮತ ನಿಂತಿದ್ದಳು. ಮುನಿರಾಮಯ್ಯನವರ ಶೆಡ್ಡಿನಲ್ಲಿ ಹತ್ತು ವರ್ಷದಿಂದ ಮಗ್ಗ ನಡೆಸುವ ಹೆಣ್ಣುಮಗಳು, ತಂದೆ ತಾಯಿ ಇಲ್ಲ, ಅಕ್ಷತ ಎಂಬ ತಂಗಿಯೊಬ್ಬಳನ್ನು ಓದಿಸಿ ದೊಡ್ಡವಳನ್ನಾಗಿ ಮಾಡಿದ್ದಾಳೆ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ನನ್ನ ಮೊದಲ ವಿದ್ಯಾರ್ಥಿನಿ ಎಂದು ಎದೆ ತುಂಬಿ ಬಂತು. ಕೂರಿಸಿದೆ.

“ಬೋರ್ಡ್ ನೋಡ್ಕಂಡು ಬಂದೆ ಸಾರ್. ಎಂಥ ಕಲೆಯಾದ್ರೂ ನೋಡ್ತೀರಂತೆ.”

“ನೋಡ್ತೀನಮ್ಮ. ಹಳೇದಾ, ಹೊಸದಾ?”

“ಹೊಸದು ಸಾರ್. ಮೊನ್ನೆ ಶುಕ್ರವಾರ ಆಗಿದ್ದು.”

ನನಗೆ ಸ್ವಲ್ಪ ನಿರಾಸೆಯಾಯಿತು. ಆದರೂ ಸಮಕಾಲೀನ ಕಲೆಯನ್ನು ಕಡೆಗಣಿಸಬಾರದು ಎಂದು ಮೊದಲ ಪಾಠದಲ್ಲೇ ಇದೆ. ಯಾವ ಮಾಧ್ಯಮ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಯಾತರದ್ದು ಎಂದು ಬಿಡಿಸಿ ಕೇಳಿದೆ.

“ಎಣ್ಣೇದು ಸಾರ್. ರೇಷ್ಮೆ ಮೇಲೆ.”

ರೇಷ್ಮೆಯ ಮೇಲೆ ತೈಲವರ್ಣ. ನಮ್ಮ ಬೀದಿಯಲ್ಲಿ. ನಾನು ಕನ್ನಡಕ ಒರೆಸಿಕೊಂಡೆ. ಅವಳು ಗಂಟು ಬಿಚ್ಚಿ ಸೀರೆಯನ್ನು ನನ್ನ ಮುಂದೆ ಹರಡಿದಳು. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಸೆರಗಿನ ಹತ್ತಿರ ಅಂಗೈಯಗಲದ ಒಂದು ಕಪ್ಪು ಆಕೃತಿ, ನೋಡಿದರೆ ಕತ್ತು ಬಾಗಿಸಿ ಕೂತ ಹಂಸ.

“ಯಾರಮ್ಮ ಮಾಡಿದ್ದು?”

“ನನ್ ಕೈಯಿಂದಲೇ ಆಗೋಯ್ತು ಸಾರ್. ಬೇಕಂತ ಮಾಡಿದ್ದಲ್ಲ.”

“ಬೇಕಂತ ಮಾಡಿದ್ರೆ ಅದು ಕಲೆನೇ ಅಲ್ಲ ಕಣಮ್ಮ,” ಎಂದೆ. ಇದು ಮೊದಲ ಪಾಠದ ಆರನೇ ಪುಟದಲ್ಲಿದೆ.

ಚೆನ್ನಾಗಿ ಕೂತುಬಿಟ್ಟಿದೆ ಸಾರ್ ಎಂದು ಅವಳು ಬೇಸರದಿಂದ ಹೇಳಿದಳು. ಕಲೆ ಎಂದ ಮೇಲೆ ಕೂರಲೇಬೇಕು, ಮೊದಲು ಬಟ್ಟೆಯಲ್ಲಿ, ಆಮೇಲೆ ಮನಸ್ಸಿನಲ್ಲಿ ಎಂದು ವಿವರಿಸಿದೆ. ಅವಳು ನನ್ನ ಮುಖ ನೋಡಿ ಕೇಳಿದಳು.

“ಹೋಗುತ್ತಾ ಸಾರ್?”

“ಎಲ್ಲಿಗೆ ಹೋಗುತ್ತೆ? ನೀನು ಹೋಗ್ತೀಯ, ನಾನು ಹೋಗ್ತೀನಿ. ಕಲೆ ಹೋಗಲ್ಲ.”

ಮಮತ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಮೊದಲ ಸಲ ಗುರುತಿಸಿಕೊಂಡ ಕಲಾವಿದರಿಗೆ ಹೀಗಾಗುವುದು ಸಹಜ ಎಂದುಕೊಂಡೆ. ಅಳುತ್ತಲೇ ಅವಳು ಎಲ್ಲವನ್ನೂ ಹೇಳಿದಳು. ಇನ್ನು ಎರಡು ವಾರಕ್ಕೆ ಅಕ್ಷತಳ ಮದುವೆ. ಮಗ್ಗಕ್ಕೆ ಏರಿಸಿದ್ದ ಹಾಸಿನ ಕೊನೆಯಲ್ಲಿ ಒಂದು ಸೀರೆಯಾಗುವಷ್ಟು ರೇಷ್ಮೆ ಉಳಿದಿತ್ತು. ಮುನಿರಾಮಯ್ಯನವರು, ನಿನ್ನ ತಂಗಿಗೆ ನೇಯ್ಕೋ ಹೋಗು ಎಂದು ಅದನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಗಂಡಿನ ಅಜ್ಜಿ ಸೊಣ್ಣಮ್ಮ ಹಿಂದೆ ಕೈಮಗ್ಗದಲ್ಲಿ ಮೂವತ್ತು ವರ್ಷ ನೇಯ್ದವರಂತೆ. ಅಕ್ಕ ನೇಯ್ದ ಸೀರೆಯಲ್ಲೇ ಧಾರೆಯಾಗಲಿ, ನಾನೇ ಕೈಯಲ್ಲಿ ಹಿಡಿದು ನೋಡಬೇಕು ಎಂದು ಆಸೆಪಟ್ಟಿದ್ದರು. ಊರವರ ಮದುವೆಗೆಲ್ಲ ಹತ್ತು ವರ್ಷ ಸೀರೆ ನೇಯ್ದವಳು ತನ್ನ ಮನೆಗೆಂದು ನೇಯ್ದದ್ದು ಇದೊಂದೇ. ಇದು ಹೀಗೇ ಇದ್ದರೆ ಗಂಡಿನ ಕಡೆಯವರು ಏನಂತಾರೆ ಸಾರ್ ಎಂದಳು.

ಬೆಲೆ ಕಟ್ಟೋಕಾಗಲ್ಲ ಅಂತಾರೆ ಎಂದೆ. ಏನಾದರೂ ಮಾಡಿ ಸಾರ್ ಎಂದು ಕೈಮುಗಿದಳು. ಅಧ್ಯಯನಕ್ಕೆ ಒಂದು ವಾರ ಬೇಕು, ಬಿಟ್ಟು ಹೋಗು ಎಂದೆ. ದೇವರ ಮನೆಯಿಂದ ಹೊರಬರುವವಳಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದಳು.

ಆ ವಾರ ನನ್ನ ಬದುಕಿನ ಅತ್ಯುತ್ತಮ ವಾರ. ಭೂತಗನ್ನಡಿ ಹಿಡಿದು ಸೀರೆಯನ್ನು ನೋಡಿದೆ, ಫೋಟೊ ತೆಗೆದೆ, ಮೂರನೇ ಪಾಠದ ಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಆರಿಸಿಕೊಂಡು ನಾಲ್ಕು ಪುಟ ಬರೆದೆ. ‘ವಿಶಾಲವಾದ ಅರಿಶಿನದ ಕೆರೆಯಲ್ಲಿ ಒಂದೇ ಒಂದು ಹಂಸ ಯಾರಿಗೋ ಕಾದು ಕೂತಿದೆ. ಜೊತೆಯ ಹಂಸವನ್ನು ಕಲಾವಿದೆ ಏಕೆ ಬಿಡಿಸಲಿಲ್ಲ? ಬಿಡಿಸದಿರುವುದೇ ಇಲ್ಲಿಯ ಕಲೆ.’ ಇದನ್ನು ಬರೆದಾಗ ನನಗೇ ಮೈ ಜುಂ ಎಂದಿತು. ಪ್ರಬಂಧ, ಫೋಟೊ ಎರಡನ್ನೂ ಫೋನಿನಲ್ಲೇ ಮೇಷ್ಟರಿಗೆ ಕಳಿಸಿದೆ.

ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಕೆಂಪರಾಜಣ್ಣ ಗೌರ್ಮೆಂಟಿನಿಂದ ಕಲೆ ಕೋರ್ಸ್ ಮಾಡಿದಾರಂತೆ, ಕಾಸು ಮುಟ್ಟಲ್ಲವಂತೆ ಎಂದು ಮಗ್ಗದ ಶೆಡ್ಡುಗಳಲ್ಲೆಲ್ಲ ಮಾತು. ಬುಧವಾರ ಸೂಪರಿಂಟೆಂಡೆಂಟ್ ವೆಂಕಟರಾಮಪ್ಪನವರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಇನ್‌ಸ್ಪೆಕ್ಷನ್‌ಗೆ ಹೋಗಬೇಕಾದ ಫೈಲನ್ನು ತೆರೆದು, ಅದರ ಮೇಲೆ ಕಾಫಿ ಲೋಟದ ಅಡಿ ಮೂಡಿದ್ದನ್ನು ತೋರಿಸಿ, ನೀವು ಕಲೆ ವಿಷಯದಲ್ಲಿ ತಿಳಿದವರಂತಲ್ಲ, ಇದಕ್ಕೇನು ಮಾಡೋಣ ಎಂದರು. ಅಷ್ಟು ದೊಡ್ಡ ಅಧಿಕಾರಿಗೂ ಕಲಾಭಿರುಚಿ ಇದೆಯಲ್ಲ ಎಂದು ನನಗೆ ಅವರ ಮೇಲೆ ಗೌರವ ಮೂಡಿತು. ವೃತ್ತಕ್ಕೆ ಆದಿಯಿಲ್ಲ, ಅಂತ್ಯವಿಲ್ಲ ಸಾರ್ ಎಂದೆ. ಹೀಗೇ ಕಳಿಸೋದಾ ಎಂದು ಮೆಲ್ಲಗೆ ಕೇಳಿದರು.

“ಹೀಗೇ ಕಳಿಸ್ಬೇಕು ಸಾರ್. ಇದನ್ನ ಮೇಲಿನವರು ನೋಡ್ಲೇಬೇಕು. ಬೇಕಾದ್ರೆ ನಾನೇ ತಗೊಂಡೋಗಿ ತೋರಿಸ್ತೀನಿ.”

ವೆಂಕಟರಾಮಪ್ಪನವರ ಮುಖ ಬಿಳಿಚಿಕೊಂಡಿತು. ಮಾರ್ಚಿನಿಂದ ಕೊಳೆಯುತ್ತಿದ್ದ ನನ್ನ ರಜೆ ಅರ್ಜಿಗೆ ಅಂದೇ ಸಹಿ ಬಿತ್ತು. ಕಲೆ ಮನುಷ್ಯನನ್ನು ಮೃದುವಾಗಿಸುತ್ತದೆ ಎಂದು ಮೂರನೇ ಪಾಠದಲ್ಲಿರುವುದು ಸುಳ್ಳಲ್ಲ ಎಂದುಕೊಂಡು ಕಾಫಿಗೆ ಹೋದೆ.

ಶನಿವಾರ ರಾತ್ರಿ ಅನುಸೂಯ ತಾಯಿಯನ್ನೂ ಕರೆದುಕೊಂಡು ಬಂದಳು. ಕತ್ತಲಲ್ಲಿ ಬೋರ್ಡ್ ಕಣ್ಣಿಗೆ ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ನೋಡಿದರೆ ರೇಷನ್ ಅಂಗಡಿಯ ಮುಂದಿರುವಷ್ಟು ಜನ. ಮುನಿರಾಮಯ್ಯನ ಹೆಗಲ ಮೇಲೆ ಹತ್ತು ಹನ್ನೆರಡು ಸೀರೆ, ಒಬ್ಬರ ಕೈಯಲ್ಲಿ ಎಲೆಯಡಿಕೆ ಉಗುಳು ಬಿದ್ದ ಜುಬ್ಬ, ಇನ್ನೊಬ್ಬರ ಕೈಯಲ್ಲಿ ಬಾಳೆಗೊನೆ ಹೊತ್ತು ಬಂದ ಶರ್ಟು. ಕಾಲೇಜು ಹುಡುಗಿಯೊಬ್ಬಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಮೊಡವೆಯದಕ್ಕೂ ಆಗುತ್ತಾ ಎಂದು ಮೆಲ್ಲಗೆ ವಿಚಾರಿಸುತ್ತಿದ್ದಳು. ಎಲ್ಲರ ಹಿಂದೆ ಮಮತ ಖಾಲಿ ಚೀಲ ಮಡಿಚಿ ಹಿಡಿದು ನಿಂತಿದ್ದಳು.

ದೊಡ್ಡಬಳ್ಳಾಪುರಕ್ಕೆ ಕಲೆಯ ದಾಹ ಇಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣು ತೇವವಾಯಿತು. ಜಗಲಿಯ ಮೇಲೆ ಹತ್ತಿ ನಿಂತು, ಕಲೆ ಎಂದರೆ ಏನು ಎಂದು ಗಂಭೀರವಾಗಿ ಶುರು ಮಾಡಿದೆ.

“ಅದನ್ನ ನಾವೇ ತಂದಿದೀವಲ್ಲ ಕೆಂಪರಾಜಣ್ಣ,” ಎಂದರು ಮುನಿರಾಮಯ್ಯ. “ನೀವು ತೆಗೀರಿ.”

“ಕಲೆ ತೆಗೀಬಾರದು,” ಎಂದೆ. “ಕಲೆ ತೆಗೆದ ಮೇಲೆ ಬಟ್ಟೆಯಲ್ಲಿ ಏನು ಉಳಿಯುತ್ತೆ?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಟ್ಟೆ ಉಳಿಯುತ್ತೆ ಎಂದು ಜುಬ್ಬದವರು ಯೋಚಿಸಿ ಹೇಳಿದರು. ಉಳಿದವರೂ ಹೌದೆಂದರು. ನಾನು ಬಿಡಲಿಲ್ಲ. ಕಲೆಯಿಲ್ಲದ ಬದುಕು ಬದುಕೇ ಅಲ್ಲ, ಮನೆಯಲ್ಲಿ ಒಂದಾದರೂ ಕಲೆ ಇರಬೇಕು, ನಮ್ಮ ಮಕ್ಕಳಿಗೆ ನಾವು ಬಿಟ್ಟು ಹೋಗಬೇಕಾದದ್ದು ಕಲೆಯನ್ನೇ ಎಂದೆಲ್ಲ ಹೇಳಿದೆ. ಒಳಗಿನಿಂದ ಅತ್ತೆಯವರ ದನಿ ಕೇಳಿಸಿತು. ಅಳಿಯಂದಿರು ಬಟ್ಟೆ ಒಗೆಯೋ ಕೆಲಸ ಯಾವಾಗ ಹಿಡಿದರು, ಮನೆಯಲ್ಲಿ ಒಂದು ಕರ್ಚೀಫ್ ಒಗೆದವರಲ್ಲ ಎಂದು ಅವರು ಮಗಳನ್ನು ಕೇಳುತ್ತಿದ್ದರು.

ಅನುಸೂಯ ಹೊರಗೆ ಬಂದಳು. ಗೇಟಿನವರೆಗೆ ನಡೆದು ಬೋರ್ಡ್ ಓದಿದಳು. ನಕ್ಷತ್ರ ನೋಡಿದಳು. ಜುಬ್ಬ, ಶರ್ಟು, ಮುನಿರಾಮಯ್ಯನ ಹೆಗಲು ಎಲ್ಲವನ್ನೂ ನೋಡಿಕೊಂಡು ನನ್ನ ಹತ್ತಿರ ಬಂದು ನಿಂತಳು. ನನ್ನ ಬನಿಯನ್ನಿನ ಹೊಟ್ಟೆಯ ಮೇಲೆ ಹಿಂದಿನ ದಿನದ ಹುಳಿ ಬಿದ್ದು ಹಳದಿಯಾದ ಜಾಗವನ್ನು ಬೆರಳಿನಿಂದ ಮುಟ್ಟಿದಳು.

“ಇದು ಏನ್ ರೀ?”

“ಕಲೆ,” ಎಂದೆ.

ಎಂದವನು ಅಲ್ಲೇ ನಿಂತೆ. ಐವತ್ಮೂರು ವರ್ಷ ಕನ್ನಡ ಮಾತಾಡಿಕೊಂಡು ಬಂದವನು ನಾನು. ಈ ಒಂದೇ ಮಾತಿಗೆ ಎರಡು ಅರ್ಥ ಇದೆ ಎಂದು ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಮೂರು ಪಾಠ ಓದುವ ಮುಂಚೆ. ಗುಂಪಿನ ಹಿಂದೆ ಮಮತ ಖಾಲಿ ಚೀಲ ಬಿಡಿಸಿಕೊಳ್ಳುತ್ತಿರುವುದು ಕಂಡಿತು. ಒಂದು ವಾರ ಆ ಹುಡುಗಿ ನನ್ನನ್ನು ನಂಬಿ ಕೂತಿದ್ದಳು. ಮೊದಲ ದಿನವೇ ಬೇರೆ ಯಾರಿಗಾದರೂ ತೋರಿಸಿದ್ದರೆ ಎಣ್ಣೆ ಬಿಡುತ್ತಿತ್ತೋ ಏನೋ. ನಾನು ಅದನ್ನು ಬೀರುವಿನಲ್ಲಿ ಜೋಪಾನವಾಗಿ ಕೂರಲು ಬಿಟ್ಟಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸರಿಯಾಗಿ ಅದೇ ಗಳಿಗೆಗೆ ಫೋನು ಟಿಂಗ್ ಎಂದಿತು. ಮೇಷ್ಟರ ಉತ್ತರ ಬಂದಿತ್ತು. ‘ಭಾಷೆ ಚೆನ್ನಾಗಿದೆ. ಫೋಟೊದಲ್ಲಿರುವುದು ಮಗ್ಗದ ಎಣ್ಣೆ. ಸೀರೆ ಒಗೆಸಿ, ಬೇರೆ ವಿಷಯದ ಮೇಲೆ ಬರೆಯಿರಿ.’

ಸೀರೆ ತಂದು ಮಮತಳ ಕೈಗೆ ಕೊಟ್ಟು, ತಪ್ಪಾಯ್ತಮ್ಮ ಎಂದೆ. ಅವಳು ಬಿಚ್ಚಿ ನೋಡಿದಳು. ಹಂಸ ಅಲ್ಲೇ ಕೂತಿತ್ತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಇನ್ನು ಏಳೇ ದಿನ ಇದೆ ಸಾರ್ ಎಂದಳು ಅಷ್ಟೆ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂದು ಮುನಿರಾಮಯ್ಯನವರು ನಿಟ್ಟುಸಿರು ಬಿಟ್ಟರು. ದೊಣ್ಣೆ ಯಾರು ಎಂದು ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು.

ಗಂಗಲಕ್ಷ್ಮಮ್ಮನವರು ಕುಂಟುತ್ತಲೇ ಬಂದು ವ್ಯವಹಾರ ಕೈಗೆತ್ತಿಕೊಂಡರು. ಚಾಪೆ ಹಾಸಿ ಸೀರೆ ಹರಡಿದ್ದಾಯಿತು. ಗುಂಪಿನಲ್ಲಿ ಒಬ್ಬೊಬ್ಬರದೂ ಒಂದೊಂದು ವೈದ್ಯ. ಒಬ್ಬರು ಚಾಕ್ ಪುಡಿ ಎಂದರು, ಒಬ್ಬರು ಅಂಟುವಾಳಕಾಯಿ ಎಂದರು, ಜುಬ್ಬದವರು ಸೀಮೆಎಣ್ಣೆ ಎಂದು ಬೈಸಿಕೊಂಡರು. ಅತ್ತೆಯವರು ಚಾಕ್ ಪುಡಿ ಹಾಕಿ, ಒದರಿ, ಅಂಟುವಾಳದ ನೊರೆಯಲ್ಲಿ ಮೆಲ್ಲಗೆ ಒತ್ತಿ, ಮತ್ತೆ ಪುಡಿ ಹಾಕಿದರು. ಕಪ್ಪಿದ್ದದ್ದು ಕಾಫಿ ಬಣ್ಣಕ್ಕೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಇನ್ನು ಉಜ್ಜಿದರೆ ಸೀರೆ ಹೋಗುತ್ತೆ, ಕಲೆ ಹೋಗಲ್ಲ ಎಂದು ಅವರು ಕೈ ತೊಳೆದುಕೊಂಡರು. ಮುನಿರಾಮಯ್ಯನವರೊಬ್ಬರನ್ನು ಬಿಟ್ಟು ಉಳಿದ ಜನ ತಮ್ಮ ತಮ್ಮ ಬಟ್ಟೆ ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು.

ಅಷ್ಟರಲ್ಲಿ ಅನುಸೂಯ ನನ್ನ ಮೇಜಿನ ಮೇಲಿದ್ದ ನಾಲ್ಕು ಪುಟ ಹಿಡಿದುಕೊಂಡು ಬಂದಳು. ಒಂದು ವಾರ ಏನು ಮಾಡಿದಾರೆ ಅಂತ ಎಲ್ಲರೂ ಕೇಳಿ ಎಂದು ಜೋರಾಗಿ ಓದಿದಳು. ವಿಶಾಲವಾದ ಅರಿಶಿನದ ಕೆರೆ, ಒಂಟಿ ಹಂಸ, ಯಾರಿಗೋ ಕಾದು ಕೂತದ್ದು. ಮುನಿರಾಮಯ್ಯ ನಕ್ಕರು. ಅತ್ತೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಕಂಬದ ಹಿಂದೆ ಸರಿದೆ.

“ಎಲ್ಲಿ ಸಾರ್ ಹಂಸ?” ಎಂದಳು ಮಮತ.

ಗೇಲಿ ಮಾಡುತ್ತಿದ್ದಾಳೆಂದುಕೊಂಡೆ. ಅವಳು ಮತ್ತೆ ಕೇಳಿದಳು. ಬಂದು ಚಾಪೆಯ ಮೇಲೆ ಕೂತು ತೋರಿಸಿದೆ. ಇದು ಕತ್ತು, ಇದು ಕೊಕ್ಕು, ಇದು ಮಡಿಚಿದ ರೆಕ್ಕೆ. ಗಾಬರಿಯಲ್ಲಿ ಬೆರಳಿನಿಂದ ಒರೆಸಿದ್ದೆ, ಅದಕ್ಕೇ ಕತ್ತು ಬಂದಿರೋದು ಎಂದಳು. ಆಮೇಲೆ ಅದನ್ನೇ ನೋಡುತ್ತ ಕೂತಳು. ಹತ್ತು ವರ್ಷ ಸೀರೆ ನೇಯ್ದ ಕಣ್ಣು ಅದು, ನೋಡುವುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಕ್ಕ, ಸಣ್ಣ ಸೂಜಿ ಇದ್ರೆ ಕೊಡಿ,” ಎಂದು ಅನುಸೂಯಳನ್ನು ಕೇಳಿದಳು. ಮುನಿರಾಮಯ್ಯನವರ ಕಡೆ ತಿರುಗಿ, ಶೆಡ್ಡಿನಲ್ಲಿ ತುಂಡು ಜರಿ ಇದೆ ಅಲ್ವಾ ಅಣ್ಣ ಎಂದಳು.

ನನಗೆ ಪ್ರಾಣ ಬಂದಂತಾಯಿತು. ಹಂಸ ಒಂಟಿಯಾಗಿರುವುದರಲ್ಲೇ ಅದರ ಸೌಂದರ್ಯ ಇದೆ, ಅದನ್ನು ಮಾತ್ರ ಬದಲಿಸಬೇಡ ಎಂದು ಸಲಹೆ ಕೊಟ್ಟೆ. ಉಚಿತವಾಗಿಯೇ.

“ಒಂದೇ ಇದ್ರೆ ತಪ್ಪು ಅಂತ ಗೊತ್ತಾಗೋಗುತ್ತೆ ಸಾರ್,” ಎಂದಳು ಅವಳು ದಾರ ಪೋಣಿಸುತ್ತ. “ಅಲ್ದೆ ಮದುವೆ ಸೀರೆ. ಜೊತೆ ಬೇಡ್ವಾ?”

ನನ್ನ ನಾಲ್ಕು ಪುಟ ಒಂದೇ ಮಾತಿಗೆ ಮುಗಿಯಿತು. ಆರು ದಿನ ಅವಳು ಮಗ್ಗದ ಕೆಲಸ ಮುಗಿಸಿ ಸಂಜೆ ನಮ್ಮ ಪಡಸಾಲೆಯಲ್ಲಿ ಕೂತು ಜರಿಯಲ್ಲಿ ಕಸೂತಿ ಹಾಕಿದಳು. ಮೊದಲು ಕಲೆಯ ಮೇಲೆ ಒಂದು ಹಂಸ, ಆಮೇಲೆ ಅದಕ್ಕೆ ಎದುರಾಗಿ, ಬರಿಯ ರೇಷ್ಮೆಯ ಮೇಲೆ ಇನ್ನೊಂದು. ಅತ್ತೆಯವರು ದೀಪ ಸರಿಯಾಗಿ ಬೀಳುವಂತೆ ನೋಡಿಕೊಂಡರು. ಅನುಸೂಯ ಅವಳಿಗೆ ಊಟ ಬಡಿಸಿದಳು. ನನಗೆ ಕೊಟ್ಟ ಕೆಲಸ, ಯಾರಾದರೂ ಬಟ್ಟೆ ಹಿಡಿದು ಬಂದರೆ ಗೇಟಿನಲ್ಲೇ ತಡೆಯುವುದು. ಬೋರ್ಡನ್ನು ಅನುಸೂಯ ಆಗಲೇ ಬಿಚ್ಚಿ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದಳು.

ಮದುವೆಯ ದಿನ ಛತ್ರದಲ್ಲಿ, ಹುಡುಗಿ ಉಡುವ ಮುಂಚೆ ಧಾರೆ ಸೀರೆಯನ್ನು ತಟ್ಟೆಯಲ್ಲಿಟ್ಟು ಗಂಡಿನ ಕಡೆಯ ಹಿರಿಯರ ಮುಂದೆ ಹಿಡಿದರು. ಸೊಣ್ಣಮ್ಮ ಕುರ್ಚಿಯ ಮೇಲೆ ಕೂತಿದ್ದರು. ಎಂಬತ್ತು ದಾಟಿದ ಸಣ್ಣ ಆಕೃತಿ, ಬೆರಳುಗಳು ಮಾತ್ರ ಗಟ್ಟಿ. ಮಮತ ಬಾಗಿಲ ಪಕ್ಕ ಗೋಡೆಗೊತ್ತಿ ನಿಂತಿದ್ದಳು. ನಾನು ಅನುಸೂಯಳ ಪಕ್ಕದಲ್ಲಿದ್ದೆ. ಬಾಯಿ ತೆರೆಯಬಾರದೆಂದು ಅವಳು ಮುಂಜಾಗ್ರತೆಯಾಗಿ ನನ್ನ ಕಾಲ ಮೇಲೆ ಕಾಲಿಟ್ಟುಕೊಂಡೇ ನಿಂತಿದ್ದಳು.

ಅಜ್ಜಿ ಸೀರೆಯ ಮಡಿಕೆ ಬಿಚ್ಚಿದರು. ಅಂಚನ್ನು ಹೆಬ್ಬೆರಳಿನಲ್ಲಿ ಸವರಿದರು. ಜೋಡಿ ಹಂಸ ಬಂತು. ಸುತ್ತ ನಿಂತ ಹೆಂಗಸರು ಎಷ್ಟು ಚೆನ್ನಾಗಿದೆ ಎಂದರು. ಅಜ್ಜಿ ಸೀರೆಯನ್ನು ತಿರುಗಿಸಿದರು. ನೇಯ್ದವರು ಬಟ್ಟೆಯ ಹಿಮ್ಮೈ ನೋಡಿಯೇ ಮುಮ್ಮೈಗೆ ಬೆಲೆ ಕಟ್ಟುವುದು. ಇದು ನನ್ನ ಮೂರು ಪಾಠದಲ್ಲಿ ಇರಲಿಲ್ಲ. ಹಿಂದೆ ಒಂದು ಹಂಸದ ಅಡಿ ರೇಷ್ಮೆ ಅಚ್ಚ ಅರಿಶಿನ. ಇನ್ನೊಂದರ ಅಡಿ ಕಾಫಿ ಬಣ್ಣದ ಎಣ್ಣೆ ಕಲೆ, ನಾಲ್ಕು ಬೆರಳಗಲ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಕೈ ಅಲ್ಲೇ ನಿಂತಿತು. ಮಮತ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು. ಅನುಸೂಯಳ ಕಾಲು ನನ್ನ ಕಾಲನ್ನು ಇನ್ನೂ ಗಟ್ಟಿಯಾಗಿ ತುಳಿಯಿತು.

ಸೊಣ್ಣಮ್ಮ ತಲೆಯನ್ನು ಒಂದಿಷ್ಟು ವಾಲಿಸಿದರು.

“ಹ್ಮ್.”

ಅದೇ ಹ್ಮ್. ಬೆಂಗಳೂರಿನ ಗಡ್ಡದವರದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಆಮೇಲೆ ಸೀರೆಯನ್ನು ಮುಮ್ಮೈಗೆ ತಿರುಗಿಸಿ, ಹಿಂಭಾಗ ಯಾರಿಗೂ ಕಾಣದಂತೆ ತಾವೇ ಮಡಿಕೆ ಹಾಕಿದರು. ಮಮತಳನ್ನು ಹತ್ತಿರ ಕರೆದು ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

“ಕಲೆ ಚೆನ್ನಾಗಿ ಕೂತದೆ ಕಣವ್ವ,” ಎಂದರು. “ತಗಂಡೋಗು. ನಿನ್ ತಂಗಿಗೆ ಉಡಿಸು.”

ಯಾವ ಅರ್ಥದಲ್ಲಿ ಹೇಳಿದರು ಎಂದು ಸುತ್ತ ನಿಂತ ಹೆಂಗಸರಿಗೆ ಕೇಳಬೇಕೆನಿಸಲಿಲ್ಲ. ಕೇಳಬೇಕಾಗಿದ್ದವರು ಮೂರೇ ಜನ, ನಾವು ಮೂವರೂ ಕೇಳಲಿಲ್ಲ. ಮಮತ ಅಳುತ್ತಿದ್ದಳು. ಅನುಸೂಯಳೂ ಮೂಗೊರೆಸಿಕೊಂಡಳು. ನನ್ನ ಕಾಲ ಮೇಲಿಂದ ಕಾಲು ತೆಗೆದಿದ್ದಳು.

ಸೋಮವಾರ ಅಂಚೆಯಲ್ಲಿ ನಾಲ್ಕನೇ ಪಾಠ ಬಂತು. ಅನುಸೂಯಳೇ ಕವರ್ ಒಡೆದು ಮೇಲಿನ ಹೆಸರು ಓದಿದಳು. ‘ನೋಡುವುದು ಹೇಗೆ’ ಎಂದಿತ್ತು. ಅವಳು ಪುಸ್ತಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹ್ಮ್ ಎಂದಳು. ಅದು ತರಕಾರಿ ನೋಡಿದಾಗಿನ ಹ್ಮ್.